ಸೋಗು ಹಾಕುವ ಜೀವಿಯನ್ನು ಕಥೆಗೆ ತರುವುದು ಹೇಗೆ: ಹೆಜ್ಜೆ ಹೆಜ್ಜೆಯಾಗಿ

ಬೇರೆ ಜೀವಿಗಳ ಹಾಗೆ ಸೋಗು ಹಾಕುವ ಪ್ರಾಣಿಯೊಂದನ್ನು ಕಥೆಗೆ ತರಬೇಕು ಅಂತ ಹೊರಟವರು ಸಾಮಾನ್ಯವಾಗಿ ಆ ಪ್ರಾಣಿಯಿಂದಲೇ ಶುರು ಮಾಡುತ್ತಾರೆ. ಹಲ್ಲು ಹೇಗಿರಬೇಕು, ಚರ್ಮ ಯಾವ ಬಣ್ಣ, ಏನೇನಾಗಿ ಬದಲಾಗಬಲ್ಲದು ಅಂತ ಪಟ್ಟಿ ಬರೆಯುತ್ತಾರೆ. ನಾನೂ ಹಾಗೇ ಮಾಡಿದ್ದೆ. ನನ್ನ ಮೊದಲ ಜೀವಿ ಹಕ್ಕಿ ಆಗುತ್ತಿತ್ತು, ಹಾವು ಆಗುತ್ತಿತ್ತು, ಕುದುರೆ ಆಗುತ್ತಿತ್ತು, ಬೇಕೆಂದರೆ ಪಕ್ಕದ ಮನೆಯ ಮುದುಕಿಯೂ ಆಗುತ್ತಿತ್ತು. ಓದಿದ ಗೆಳತಿ ಒಂದೇ ಪ್ರಶ್ನೆ ಕೇಳಿದಳು: "ಇದು ಮೋಸ ಮಾಡ್ತಾ ಇರೋದು ಯಾರಿಗೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ಕಥೆಯನ್ನು ಪಕ್ಕಕ್ಕಿಟ್ಟು ನಿಜವಾದ ಸೋಗುಗಾರ ಪ್ರಾಣಿಗಳ ಬಗ್ಗೆ ಓದಲು ಶುರು ಮಾಡಿದೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಯಿತು. ಸೋಗು ಇರುವುದು ಹಾಕುವವರ ಮೈಯಲ್ಲಲ್ಲ, ನೋಡುವವರ ಕಣ್ಣಲ್ಲಿ. ಮೋಸಹೋಗುವವರು ಗೊತ್ತಾದರೆ ಜೀವಿಯ ಅರ್ಧ ಭಾಗ ತಾನಾಗಿಯೇ ಹುಟ್ಟುತ್ತದೆ.

ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತಾ ಹೋಗುತ್ತೇನೆ, ಜೊತೆಗೆ ನನ್ನದೇ ಒಂದು ಜೀವಿಯನ್ನು ನಿಮ್ಮ ಮುಂದೆಯೇ ಕಟ್ಟುತ್ತೇನೆ. ನೀವೂ ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಹೆಜ್ಜೆಗೂ ಎರಡು ಸಾಲು ಬರೆದರೆ ಸಾಕು.

ಹೆಜ್ಜೆ 1: ಮೋಸಹೋಗುವವರನ್ನು ಮೊದಲು ಆರಿಸಿ

1848ರಲ್ಲಿ ಹೆನ್ರಿ ವಾಲ್ಟರ್ ಬೇಟ್ಸ್ ಅನ್ನುವ ಇಂಗ್ಲಿಷ್ ಯುವಕ ಅಮೆಜಾನ್ ಕಾಡಿಗೆ ಹೋದರು. ಹನ್ನೊಂದು ವರ್ಷ ಅಲ್ಲೇ ಇದ್ದು ಚಿಟ್ಟೆ, ದುಂಬಿ ಸಂಗ್ರಹಿಸಿದರು. ಹಿಡಿದ ಚಿಟ್ಟೆಗಳಲ್ಲಿ ಕೆಲವು ನೋಡಲು ಅವಳಿಜವಳಿ ಥರ ಇದ್ದವು, ಆದರೆ ಒಂದಕ್ಕೊಂದು ಹತ್ತಿರದ ಸಂಬಂಧವೇ ಇರಲಿಲ್ಲ. ಒಂದು ಗುಂಪಿನವು ಹಕ್ಕಿಗಳಿಗೆ ರುಚಿಸದ ಚಿಟ್ಟೆಗಳು. ಇನ್ನೊಂದು ಗುಂಪು ತಿನ್ನಲು ಏನೂ ಅಡ್ಡಿಯಿಲ್ಲದ್ದು, ಆದರೆ ರೆಕ್ಕೆಯ ಮೇಲೆ ಮೊದಲನೆಯದರ ಬಣ್ಣವನ್ನೇ ಹೊತ್ತು ಅದರ ನಡುವೆಯೇ ಹಾರಾಡುತ್ತಿತ್ತು. ಬೇಟ್ಸ್ ಇದನ್ನು 1862ರಲ್ಲಿ ಪ್ರಕಟಿಸಿದರು, ಇವತ್ತಿಗೂ ಈ ಬಗೆಯ ಸೋಗಿಗೆ ಅವರದೇ ಹೆಸರಿದೆ.

ಇದರಲ್ಲಿ ಮೂರು ಪಾತ್ರಗಳಿವೆ. ಅಸಲಿ, ಸೋಗುಗಾರ, ಮೋಸಹೋಗುವ ಹಕ್ಕಿ. ಕಥೆ ಬರೆಯುವವರು ಮೊದಲ ಎರಡನ್ನು ಚೆನ್ನಾಗಿ ಬರೆದು ಮೂರನೆಯದನ್ನು ಮರೆತುಬಿಡುತ್ತಾರೆ. ಆದರೆ ರೆಕ್ಕೆಯ ಬಣ್ಣ ತಿದ್ದಿದ್ದು ಆ ಮೂರನೆಯದೇ ಅಲ್ವಾ? ಹಕ್ಕಿಗೆ ಗೊತ್ತಾಗುವ ವ್ಯತ್ಯಾಸ ಇದ್ದ ಚಿಟ್ಟೆ ಹೊಟ್ಟೆ ಸೇರಿತು. ಗೊತ್ತಾಗದ್ದು ಉಳಿಯಿತು.

ಇನ್ನೊಂದು ಉದಾಹರಣೆ ನನಗೆ ತುಂಬ ಇಷ್ಟ. ಯುರೋಪಿನ ಕೋಗಿಲೆಯೊಂದು ಜೊಂಡಿನಲ್ಲಿ ಗೂಡು ಕಟ್ಟುವ ಪುಟ್ಟ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೇನೋ ಆ ಹಕ್ಕಿಯ ಮೊಟ್ಟೆಯನ್ನು ಹೋಲುತ್ತದೆ. ಮರಿ ಮಾತ್ರ ಒಂಚೂರೂ ಹೋಲುವುದಿಲ್ಲ, ಸಾಕುತಾಯಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿ ಬೆಳೆದು ಗೂಡಿನಿಂದ ಹೊರಗೆ ಚೆಲ್ಲುತ್ತಿರುತ್ತದೆ. ಆದರೂ ಆ ತಾಯಿ ಉಣಿಸುತ್ತಲೇ ಇರುತ್ತದೆ. ಯಾಕೆಂದರೆ ಆ ಒಂಟಿ ಮರಿ ಕೂಗುವುದು ಹಸಿದ ಒಂದಿಡೀ ಗೂಡಿನ ಮರಿಗಳ ಹಾಗೆ. ಆಗ ತಾಯಿ ಗಮನಿಸುವುದು ಹಸಿವಿನ ಕೂಗನ್ನು, ಮರಿಯ ರೂಪವನ್ನಲ್ಲ. ಹಾಗಾಗಿ ಕೋಗಿಲೆ ಮರಿಗೆ ರೂಪದ ಸೋಗು ಬೇಕಾಗಿಲ್ಲ.

ನಿಮ್ಮ ಹಾಳೆಯಲ್ಲಿ ಬರೆಯಿರಿ: ಮೋಸಹೋಗುವವರು ಯಾರು? ಅವರು ಯಾವುದನ್ನು ಬಿಟ್ಟೂ ಬಿಡದೆ ಗಮನಿಸುತ್ತಾರೆ? ಯಾವುದನ್ನು ಗಮನಿಸುವುದೇ ಇಲ್ಲ?

ನನ್ನ ಹಾಳೆ: ಮೋಸಹೋಗುವವರು ತಾಯಂದಿರು. ಮೊದಲು ಜಿಂಕೆ, ಕಡವೆಗಳ ತಾಯಂದಿರು. ಕಥೆ ಶುರುವಾಗುವ ಹೊತ್ತಿಗೆ ಕಾಡಂಚಿನ ಒಬ್ಬ ಹೆಂಗಸು. ಮರಿಯ ಅಳು ಕೇಳಿದರೆ ಇವರು ಯಾರೂ ನಿಲ್ಲುವುದಿಲ್ಲ, ಎದ್ದು ಓಡುತ್ತಾರೆ. ಓಡುವಾಗ ಹಿಂದೆ ನೋಡುವುದಿಲ್ಲ.

ಹೆಜ್ಜೆ 2: ಸೋಗು ಯಾಕೆ ಬೇಕು?

ಇದು ಸಣ್ಣ ಹೆಜ್ಜೆ, ಆದರೆ ಬಿಡಬೇಡಿ. ಪ್ರಕೃತಿಯಲ್ಲಿ ಸೋಗಿಗೆ ದೊಡ್ಡದಾಗಿ ನಾಲ್ಕು ಕಾರಣಗಳು ಕಾಣುತ್ತವೆ: ಪ್ರಾಣ ಉಳಿಸಿಕೊಳ್ಳಲು, ಬೇಟೆಗೆ, ಮರಿಯನ್ನು ಬೇರೆಯವರಿಂದ ಸಾಕಿಸಲು, ಜೋಡಿ ಪಡೆಯಲು. ಇರಾನಿನ ಪಶ್ಚಿಮ ಭಾಗದಲ್ಲಿ ಒಂದು ವಿಷದ ಹಾವಿದೆ, ವಿಜ್ಞಾನಿಗಳು ಅದನ್ನು ಹೊಸ ಜಾತಿ ಅಂತ ವಿವರಿಸಿದ್ದು 2006ರಲ್ಲಿ. ಅದರ ಬಾಲದ ತುದಿ ಥೇಟ್ ಜೇಡದ ಹಾಗಿದೆ. ಬಂಡೆಯ ಮೇಲೆ ಅಲುಗಾಡದೆ ಮಲಗಿ ಬಾಲವನ್ನಷ್ಟೇ ಆಡಿಸುತ್ತದೆ, ಜೇಡ ಹಿಡಿಯಲು ಹಕ್ಕಿ ಬರುತ್ತದೆ. ಇಡೀ ಹಾವು ಜೇಡ ಆಗಬೇಕಾಗಿಲ್ಲ. ಬಾಲ ಆದರೆ ಕೆಲಸ ಮುಗಿಯಿತು.

ಒಂದೇ ಕಾರಣ ಆರಿಸಿ. ಎರಡು ಇಟ್ಟುಕೊಂಡರೆ ಜೀವಿ ಎರಡು ಕಡೆ ಎಳೆದಾಡುತ್ತದೆ.

ನನ್ನದು ಬೇಟೆಗೆ. ಇದಕ್ಕೊಂದು ನಿಜವಾದ ಬೆಂಬಲವೂ ಸಿಕ್ಕಿತು. 2005ರಲ್ಲಿ ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ ಸಂಶೋಧಕರು ಮಾರ್ಗೇ ಅನ್ನುವ ಚುಕ್ಕೆಯ ಕಾಡುಬೆಕ್ಕು ಪುಟ್ಟ ಕೋತಿಯ ಮರಿಯ ಹಾಗೆ ಕೂಗುವುದನ್ನು ಕೇಳಿದರು. ನಕಲು ಅಷ್ಟೇನೂ ಚೆನ್ನಾಗಿರಲಿಲ್ಲವಂತೆ. ಆದರೂ ದೊಡ್ಡ ಕೋತಿಗಳು ಏನಾಯಿತು ಅಂತ ನೋಡಲು ಬಂದವು. ಮರಿಯ ಕೂಗು ಅಂದರೆ ಹಾಗೆಯೇ, ಅನುಮಾನ ಇದ್ದರೂ ಹೋಗಿ ನೋಡಲೇಬೇಕು. ನನ್ನ ಜೀವಿ ಹುಟ್ಟಿದ್ದು ಆ "ಹೋಗಿ ನೋಡಲೇಬೇಕು" ಅನ್ನುವುದರಿಂದ.

ಹೆಜ್ಜೆ 3: ಯಾವ ಇಂದ್ರಿಯಕ್ಕೆ?

ನಾವು ಮನುಷ್ಯರು ಕಣ್ಣನ್ನೇ ಜಾಸ್ತಿ ನಂಬುತ್ತೇವೆ. ಅದಕ್ಕೇ ಬರೆಯುವಾಗಲೂ ಸೋಗು ಅಂದರೆ ರೂಪ ಅಂದುಕೊಳ್ಳುತ್ತೇವೆ. ಪ್ರಾಣಿಗಳ ಲೋಕದಲ್ಲಿ ವಾಸನೆಯ ಸೋಗಿದೆ, ದನಿಯ ಸೋಗಿದೆ, ಬೆಳಕಿನ ಸೋಗಿದೆ, ನಡಿಗೆಯ ಸೋಗೂ ಇದೆ.

ಅಮೆರಿಕದ ಕೆಲವು ಮಿಂಚುಹುಳುಗಳಲ್ಲಿ ಹೆಣ್ಣು ಬೇರೆ ಜಾತಿಯ ಹೆಣ್ಣಿನ ಹಾಗೆ ಮಿನುಗುತ್ತದೆ. ಆ ಜಾತಿಯ ಗಂಡು ಜೋಡಿ ಸಿಕ್ಕಿತು ಅಂತ ಬರುತ್ತದೆ, ಇದು ಹಿಡಿದು ತಿನ್ನುತ್ತದೆ. ಬೋಲಾಸ್ ಅನ್ನುವ ಜೇಡ ಹೆಣ್ಣು ಪತಂಗದ ವಾಸನೆಯನ್ನೇ ಗಾಳಿಗೆ ಬಿಡುತ್ತದೆ. ಬಂದ ಗಂಡು ಪತಂಗದ ಕಡೆಗೆ ನೂಲಿನ ತುದಿಯಲ್ಲಿರುವ ಅಂಟಿನ ಹನಿಯನ್ನು ಬೀಸಿ ಹಿಡಿಯುತ್ತದೆ. ಕೆಲವು ನೀಲಿ ಚಿಟ್ಟೆಗಳ ಕಂಬಳಿಹುಳು ಇರುವೆ ಮರಿಯ ವಾಸನೆ ಹೊತ್ತು ನೆಲದ ಮೇಲೆ ಬಿದ್ದಿರುತ್ತದೆ, ಇರುವೆಗಳೇ ಅದನ್ನು ಗೂಡಿಗೆ ಹೊತ್ತೊಯ್ದು ಉಣಿಸುತ್ತವೆ. ಒಳಗೆ ಹೋದ ಮೇಲೆ ಅದು ರಾಣಿ ಇರುವೆಯ ಹಾಗೆ ಸದ್ದು ಬೇರೆ ಮಾಡುತ್ತದೆ. ಕಣ್ಣಿಗೆ ನೋಡಿದರೆ ಅದು ಬರೀ ಒಂದು ಹುಳು. ಕತ್ತಲ ಗೂಡಿನಲ್ಲಿ ನೋಡುವವರು ಯಾರೂ ಇಲ್ಲ.

ಮಾರೀಚನನ್ನೂ ನೆನೆಸಿಕೊಳ್ಳಿ. ಸೀತೆಯ ಕಣ್ಣಿಗೆ ಚಿನ್ನದ ಜಿಂಕೆ, ಸಾಯುವ ಹೊತ್ತಿಗೆ ಕಿವಿಗೆ ರಾಮನ ದನಿ. ಎರಡು ಬೇರೆ ಸೋಗುಗಳು, ಎರಡಕ್ಕೂ ಬೇರೆ ಬೇರೆ ಗುರಿ. ಮೊದಲನೆಯದು ರಾಮನನ್ನು ಕರೆದೊಯ್ಯಲು, ಎರಡನೆಯದು ಲಕ್ಷ್ಮಣನನ್ನು ಎಬ್ಬಿಸಲು. ಚಿನ್ನದ ಜಿಂಕೆ ಇರುವುದುಂಟಾ ಅಂತ ಲಕ್ಷ್ಮಣನಿಗೆ ಮೊದಲೇ ಅನುಮಾನ ಬಂದಿತ್ತು ಅನ್ನುವುದನ್ನು ಮರೆಯಬೇಡಿ. ಅನುಮಾನ ಪಡುವ ಒಬ್ಬರು ಇದ್ದಾಗಲೇ ಸೋಗಿನ ಕಥೆಗೆ ಬಿಗಿ ಬರುತ್ತದೆ.

ನನ್ನ ಜೀವಿಗೆ ಕಿವಿ ಮಾತ್ರ ಗುರಿ. ದನಿ ಬಿಟ್ಟು ಬೇರೆ ಯಾವ ಸೋಗೂ ಇಲ್ಲ. ಅದಕ್ಕೇ ಅದು ಕತ್ತಲಲ್ಲಿ, ಪೊದೆಯೊಳಗೆ ಇರಬೇಕು. ನೋಡಿ, ಒಂದು ನಿರ್ಧಾರದಿಂದ ಜಾಗ ಮತ್ತು ಹೊತ್ತು ಎರಡೂ ಬಂದವು.

ಹೆಜ್ಜೆ 4: ದೇಹ ಏನು ಬಿಡುತ್ತದೆ, ಏನು ಬಿಡುವುದಿಲ್ಲ

ಇಲ್ಲಿ ಸಮಯ ತೆಗೆದುಕೊಳ್ಳಿ. ಅವಸರ ಮಾಡಿದರೆ ಜೀವಿ ಮಂತ್ರದ ಗೊಂಬೆ ಆಗಿಬಿಡುತ್ತದೆ.

ರೂಪ ಬದಲಾಯಿಸುವ ಜೀವಿ ಬೇಕಿದ್ದರೆ ಮೊದಲು ತೂಕದ ಲೆಕ್ಕ ಹಾಕಿ. ಬೆಕ್ಕಿನಷ್ಟು ದೊಡ್ಡದು ಆನೆ ಆದರೆ ಉಳಿದ ತೂಕ ಎಲ್ಲಿಂದ ಬಂತು? ನಿಜವಾದ ಸೋಗುಗಾರರು ತೂಕ ಬದಲಾಯಿಸುವುದಿಲ್ಲ, ಇರುವ ದೇಹವನ್ನು ಜೋಡಿಸುವ ಬಗೆ ಬದಲಾಯಿಸುತ್ತಾರೆ. ಇಂಡೋನೇಷ್ಯಾದ ಸುಲವೇಸಿ ದ್ವೀಪದ ಬಳಿ 1998ರಲ್ಲಿ ಕಂಡ ಒಂದು ಆಕ್ಟೋಪಸ್ ಇದಕ್ಕೆ ಒಳ್ಳೆಯ ಪಾಠ. ಆರು ತೋಳುಗಳನ್ನು ಬಿಲದೊಳಗೆ ಅಡಗಿಸಿ ಉಳಿದ ಎರಡನ್ನು ಎರಡು ದಿಕ್ಕಿಗೆ ನೀಳವಾಗಿ ಚಾಚಿ, ಪಟ್ಟೆ ಪಟ್ಟೆಯ ಸಮುದ್ರದ ಹಾವಿನ ಹಾಗೆ ಕಾಣಿಸುತ್ತದೆ. ಎಲ್ಲ ತೋಳುಗಳನ್ನೂ ಹಿಂದಕ್ಕೆ ಒತ್ತಿ ಎಲೆಯ ಆಕಾರದಲ್ಲಿ ಮರಳಿನ ಮೇಲೆ ಈಜಿದರೆ ಚಪ್ಪಟೆ ಮೀನಿನ ಹಾಗೆ. ಅದಕ್ಕೆ ಇದು ಸಾಧ್ಯ, ಯಾಕೆಂದರೆ ಮೈಯಲ್ಲಿ ಮೂಳೆಯೇ ಇಲ್ಲ. ನಿಮ್ಮ ಜೀವಿಗೆ ಮೂಳೆ ಇದ್ದರೆ ಈ ಆಟ ಇಲ್ಲ. ಬೇರೆ ದಾರಿ ಹುಡುಕಿ.

ಇರುವೆಯ ಸೋಗು ಹಾಕುವ ಜೇಡಕ್ಕೆ ಎಂಟು ಕಾಲು, ಇರುವೆಗೆ ಆರು. ಜೇಡಕ್ಕೆ ಇರುವೆಯ ಹಾಗೆ ಮೀಸೆಯಿಲ್ಲ. ಎರಡೂ ತೊಂದರೆಗೆ ಒಂದೇ ಪರಿಹಾರ: ಮುಂದಿನ ಎರಡು ಕಾಲು ಎತ್ತಿ ಮೀಸೆಯ ಹಾಗೆ ಅಲ್ಲಾಡಿಸುವುದು. ಇಂಥ ಉಪಾಯ ಒಂದನ್ನು ನಿಮ್ಮ ಜೀವಿಗೂ ಕೊಡಿ. ಇರುವ ಅಂಗವನ್ನು ಬೇರೆ ಕೆಲಸಕ್ಕೆ ಬಳಸುವುದನ್ನು ಓದುಗರು ಒಂದು ಸಲ ಕಂಡರೆ ಸಾಕು, ಆ ಜೀವಿಯನ್ನು ನಂಬಿಬಿಡುತ್ತಾರೆ.

ದನಿಯ ವಿಷಯಕ್ಕೆ ಬಂದರೆ ಕೋಶಿಕ್ ಅನ್ನುವ ಆನೆಯ ಕಥೆ ಕೇಳಿ. ದಕ್ಷಿಣ ಕೊರಿಯಾದ ಮೃಗಾಲಯವೊಂದರ ಈ ಆನೆ ಕೊರಿಯನ್ ಭಾಷೆಯ ಐದು ಪದಗಳನ್ನು ಮನುಷ್ಯರ ಹಾಗೆ ಹೇಳುತ್ತಿತ್ತು ಅಂತ ವಿಜ್ಞಾನಿಗಳು 2012ರಲ್ಲಿ ಬರೆದರು. ಹೇಗೆ ಗೊತ್ತಾ? ಸೊಂಡಿಲಿನ ತುದಿಯನ್ನು ಬಾಯೊಳಗೆ ಹಾಕಿಕೊಂಡು. ಆನೆಯ ಮೇಲ್ತುಟಿ ಸೊಂಡಿಲಿನ ಜೊತೆ ಸೇರಿಹೋಗಿದೆ, ನಮ್ಮ ಹಾಗೆ ಅದು ತುಟಿ ಆಡಿಸಲಾರದು. ಸೊಂಡಿಲಿನಿಂದ ಬಾಯಿಯ ಆಕಾರವನ್ನೇ ಬದಲಾಯಿಸಿ ಆ ಕೊರತೆ ತುಂಬಿಕೊಂಡಿತು.

ಇದನ್ನು ಓದಿದಾಗಲೇ ನನ್ನ ಜೀವಿಗೆ ದೇಹ ಬಂತು. ದೊಡ್ಡ ನಾಯಿಯಷ್ಟು ಗಾತ್ರ, ಸಣಕಲು ಮೈ, ಉದ್ದ ಕುತ್ತಿಗೆ. ಬಾಯಿಯ ಸುತ್ತ ತುಟಿ ಇಲ್ಲ, ಬಿಗಿದ ಗಟ್ಟಿ ಚರ್ಮ ಅಷ್ಟೇ. ಆ ಗಾತ್ರದ ಪ್ರಾಣಿ ತಾಯಿ ಕಡವೆಯನ್ನು ಕೆಡವಲಾರದು. ಹಾಗಾದರೆ ತಾಯಿಯನ್ನು ಕರೆದು ಏನು ಮಾಡುತ್ತದೆ? ಈ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಉತ್ತರ ಹೊಳೆದಾಗ ಇಡೀ ಕಥೆಯೇ ತಿರುಗಿತು: ಇವು ಬೇಟೆಯಾಡುವುದು ಜೋಡಿಯಾಗಿ. ಒಂದು ದೂರದಿಂದ ಮರಿಯ ದನಿಯಲ್ಲಿ ಕರೆಯುತ್ತದೆ. ತಾಯಿ ಅತ್ತ ಓಡುತ್ತಾಳೆ. ನಿಜವಾದ ಮರಿ ಇತ್ತ ಒಂಟಿಯಾಗುತ್ತದೆ. ಎರಡನೆಯದು ಕಾಯುತ್ತಿರುವುದು ಅದಕ್ಕೆ.

ಹೆಜ್ಜೆ 5: ಹುಟ್ಟಿನಿಂದ ಬಂದದ್ದೋ, ಕಲಿತದ್ದೋ

ಚಿಟ್ಟೆ ತನ್ನ ರೆಕ್ಕೆಯ ಬಣ್ಣವನ್ನು ಆರಿಸಿಕೊಂಡಿಲ್ಲ. ತಾನು ಸೋಗು ಹಾಕಿದ್ದೇನೆ ಅಂತ ಅದಕ್ಕೆ ಗೊತ್ತೂ ಇಲ್ಲ. ಆಸ್ಟ್ರೇಲಿಯಾದ ಲೈರ್ ಹಕ್ಕಿ ಹಾಗಲ್ಲ, ಅದು ಬೇರೆ ಹಕ್ಕಿಗಳ ಕೂಗನ್ನು ಕೇಳಿ ಕಲಿಯುತ್ತದೆ, ಹೆಚ್ಚಾಗಿ ತನ್ನದೇ ಜಾತಿಯ ಹಿರಿಯ ಹಕ್ಕಿಗಳಿಂದ. ಮನುಷ್ಯರ ನಡುವೆ ಬೆಳೆದ ಕೆಲವು ಲೈರ್ ಹಕ್ಕಿಗಳು ಮರ ಕೊಯ್ಯುವ ಯಂತ್ರದ ಸದ್ದನ್ನೂ ಮಾಡುತ್ತವೆ.

ಕಥೆಗೆ ಎರಡೂ ಒಳ್ಳೆಯದೇ. ಹುಟ್ಟಿನಿಂದ ಬಂದದ್ದಾದರೆ ಜೀವಿ ಒಂದೇ ಸೋಗಿಗೆ ಕಟ್ಟುಬಿದ್ದಿರುತ್ತದೆ, ಅಸಲಿ ಇಲ್ಲದ ಕಡೆ ಬದುಕಲಾರದು. ಕಲಿತದ್ದಾದರೆ ಅದು ಎಲ್ಲಿ, ಯಾರಿಂದ, ಯಾವಾಗ ಕೇಳಿತು ಅನ್ನುವ ಪ್ರಶ್ನೆ ಬರುತ್ತದೆ, ಆ ಪ್ರಶ್ನೆ ನಿಮಗೆ ಒಂದು ದೃಶ್ಯವನ್ನೇ ಕೊಡುತ್ತದೆ. ನಾನು ಎರಡನೆಯದನ್ನು ಆರಿಸಿದೆ. ನನ್ನ ಜೀವಿ ಒಂದು ದನಿಯನ್ನು ಹಲವು ರಾತ್ರಿ ಕೇಳಿದ ಮೇಲಷ್ಟೇ ಅದನ್ನು ಕೂಗಬಲ್ಲದು. ಹಾಗಾಗಿ ಕಾಡಂಚಿನ ಆ ಹೆಂಗಸಿನ ಮಗುವಿನ ದನಿ ಪೊದೆಯಿಂದ ಬಂತು ಅಂದರೆ, ಎಷ್ಟೋ ರಾತ್ರಿಗಳಿಂದ ಆ ಜೀವಿ ಅವಳ ಮನೆಯ ಕಿಟಕಿಯ ಕೆಳಗೆ ಕೂತು ಕೇಳಿದೆ ಅಂತ ಅರ್ಥ. ಇದನ್ನು ನಾನು ಕಥೆಯಲ್ಲಿ ಎಲ್ಲೂ ಹೇಳಿಲ್ಲ. ಕಿಟಕಿಯ ಕೆಳಗೆ ಹುಲ್ಲು ಒಂದು ಕಡೆ ಮಾತ್ರ ಒರಗಿರುವುದನ್ನು ಮೊದಲ ಪುಟದಲ್ಲೇ ತೋರಿಸಿದ್ದೇನೆ, ಅಷ್ಟೇ.

ಹೆಜ್ಜೆ 6: ಒಂದು ತಪ್ಪು ಉಳಿಸಿ

ತಪ್ಪಿಲ್ಲದ ಸೋಗಿನಲ್ಲಿ ಕಥೆಯಿಲ್ಲ. ಯಾರಿಗೂ ಗೊತ್ತಾಗುವುದೇ ಇಲ್ಲ ಅಂದಮೇಲೆ ಏನು ನಡೆಯಬೇಕು?

ಆದರೆ ತಪ್ಪು ಸುಮ್ನೆ ಅಂಟಿಸಿದ್ದಾಗಬಾರದು. ಕಣ್ಣು ಕೆಂಪಗಿದೆ, ನೆರಳು ಬೀಳುವುದಿಲ್ಲ, ಇಂಥವು ನೂರು ಸಲ ಬಂದಿವೆ, ದೇಹಕ್ಕೂ ಅವುಗಳಿಗೂ ಸಂಬಂಧ ಇರುವುದಿಲ್ಲ. ತಪ್ಪು ನಾಲ್ಕನೇ ಹೆಜ್ಜೆಯ ದೇಹದಿಂದಲೇ ಬರಬೇಕು.

ನನ್ನ ಜೀವಿಗೆ ತುಟಿಯಿಲ್ಲ ಅಂದೆನಲ್ಲ. ಹಾಗಾದರೆ ಪ, ಫ, ಬ, ಭ, ಮ, ಈ ಐದೂ ಅದಕ್ಕೆ ಬರುವುದಿಲ್ಲ. ಜಿಂಕೆ ಮರಿಯ ಕೀರಲು ಕೂಗಿಗೆ ತುಟಿ ಬೇಕಿಲ್ಲ, ಹಾಗಾಗಿ ಕಾಡಿನಲ್ಲಿ ಅದರ ತಪ್ಪು ಯಾವತ್ತೂ ಬಯಲಾಗಿರಲಿಲ್ಲ. ಮನುಷ್ಯರ ಮಗು ಕರೆಯುವುದು ಹೇಗೆ? "ಅಮ್ಮಾ". ಈಗ ನೀವೇ ಒಂದು ಸಲ ಮಾಡಿ ನೋಡಿ. ತುಟಿ ಎರಡೂ ಸೇರದ ಹಾಗೆ ಬೆರಳಿನಿಂದ ಬಿಡಿಸಿ ಹಿಡಿದು "ಅಮ್ಮಾ" ಅನ್ನಿ. ನಾಲಿಗೆ ತಾನಾಗಿಯೇ ಮೇಲೆ ಹೋಗಿ ಅಂಗುಳಕ್ಕೆ ತಾಗುತ್ತದೆ. ಹೊರಗೆ ಬರುವುದು "ಅಣ್ಣಾ".

ಇದು ಗೊತ್ತಾದ ರಾತ್ರಿ ನಾನು ಮೇಜಿನ ಮುಂದೆ ಕೂತು ಹತ್ತಾರು ಸಲ ಹೇಳಿ ನೋಡಿದೆ. ಪ್ರತಿ ಸಲವೂ "ಅಣ್ಣಾ", ಇಲ್ಲವೇ ಅದಕ್ಕೆ ಹತ್ತಿರದ್ದು. "ಬಾ" ಅನ್ನಲು ಹೋದರೆ "ದಾ". "ಅಪ್ಪಾ" ಅಂದರೆ "ಅತ್ತಾ". ಗೊಂಬೆಯನ್ನು ಮಾತಾಡಿಸುವ ಕಲಾವಿದರೂ ತುಟಿ ಅಲ್ಲಾಡಿಸದಿರಲು ಇದೇ ಅದಲುಬದಲು ಮಾಡುತ್ತಾರೆ, ಮ ಬದಲು ನ, ಬ ಬದಲು ದ ಅಥವಾ ಡ, ವೇಗದಲ್ಲಿ ಕೇಳುವವರಿಗೆ ಗೊತ್ತಾಗುವುದಿಲ್ಲ.

ಗಿಳಿಗೆ, ಮೈನಾಗೆ ತುಟಿಯಿಲ್ಲ, ಆದರೂ ಅವು ಮಾತಾಡುತ್ತವಲ್ಲ ಅಂತ ನೀವು ಕೇಳಬಹುದು. ಹಕ್ಕಿಗಳಿಗೆ ದನಿ ಹುಟ್ಟುವ ಜಾಗವೇ ಬೇರೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ, ಎದೆಯ ಒಳಗೆ. ನನ್ನದು ಹಕ್ಕಿಯಲ್ಲ. ಗಂಟಲಿನಿಂದ ದನಿ ಹೊರಡಿಸುವ ಪ್ರಾಣಿ.

ಹೆಸರೂ ಇಲ್ಲಿಂದಲೇ ಬಂತು. ಕಥೆಯೊಳಗಿನ ಜನ ಅದನ್ನು "ತೊದಲು" ಅಂತ ಕರೆಯುತ್ತಾರೆ, ಮಗುವಿನ ತೊದಲು ಮಾತಿನ ಹಾಗೆ ಕೇಳುವುದರಿಂದ. ಹೆಸರಿಡುವಾಗ ದೂರದ ಭಾಷೆಯ ಗಡುಸಾದ ಪದ ಹುಡುಕಬೇಡಿ. ಅದರಿಂದ ತೊಂದರೆಗೊಳಗಾದ ಜನ ಮನೆಯಲ್ಲಿ ಕೂತು ಅದನ್ನು ಏನಂತ ಕರೆದಾರು ಅಂತ ಯೋಚಿಸಿ.

ಹೆಜ್ಜೆ 7: ಅವು ಎಷ್ಟಿವೆ?

ಸೋಗುಗಾರರು ಅಸಲಿಗಿಂತ ತೀರಾ ಜಾಸ್ತಿಯಾದರೆ ಸೋಗು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ತೋಳ ಬಂತು ತೋಳ ಅಂತ ಕೂಗಿದ ಹುಡುಗನಿಗೆ ಆದದ್ದೇ ಆಗುತ್ತದೆ. ಅಮೆರಿಕದಲ್ಲಿ ವಿಷದ ಹವಳದ ಹಾವಿನ ಹಾಗೆ ಕೆಂಪು, ಕಪ್ಪು, ಹಳದಿ ಪಟ್ಟೆ ಹೊತ್ತ ವಿಷವಿಲ್ಲದ ಹಾವೊಂದಿದೆ. ಹವಳದ ಹಾವು ಇರುವ ಕಡೆ ಬೇಟೆಗಾರ ಪ್ರಾಣಿಗಳು ಆ ಪಟ್ಟೆಗೆ ಹೆದರುತ್ತವೆ. ಹವಳದ ಹಾವೇ ಇಲ್ಲದ ಕಡೆ ಹೆದರುವುದಿಲ್ಲ.

ಆಫ್ರಿಕಾದ ಕಲಹಾರಿಯಲ್ಲಿರುವ ಕಾಜಾಣ ಜಾತಿಯ ಹಕ್ಕಿ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಬೇರೆ ಪ್ರಾಣಿ ಆಹಾರ ಹಿಡಿದಾಗ ಸುಳ್ಳು ಅಪಾಯದ ಕೂಗು ಹಾಕುತ್ತದೆ, ಅದು ಬಿಟ್ಟು ಓಡಿದಾಗ ಆಹಾರ ಇದರದ್ದು. ಒಂದು ಕೂಗಿಗೆ ಯಾರೂ ಓಡದಿದ್ದರೆ ಇನ್ನೊಂದು ಜಾತಿಯ ಕೂಗಿಗೆ ಬದಲಾಯಿಸುತ್ತದೆ. ದಿನದ ಆಹಾರದ ಕಾಲು ಭಾಗದ ಹತ್ತಿರ ಹೀಗೆ ಕದ್ದದ್ದೇ ಅಂತ ಅಧ್ಯಯನ ಮಾಡಿದವರು ಲೆಕ್ಕ ಹಾಕಿದ್ದಾರೆ. ಉಳಿದದ್ದಕ್ಕೆ ಅದೂ ದುಡಿಯಬೇಕು, ಮತ್ತು ಎಷ್ಟೋ ಸಲ ನಿಜವಾದ ಅಪಾಯಕ್ಕೂ ಕೂಗುತ್ತದೆ. ಇಲ್ಲದಿದ್ದರೆ ಯಾರು ನಂಬುತ್ತಾರೆ?

ನಿಮ್ಮ ಜೀವಿ ಅಪರೂಪದ್ದಾಗಿರಲಿ. ತೊದಲು ಇಡೀ ಕಣಿವೆಯಲ್ಲಿ ಒಂದೇ ಜೋಡಿ.

ಹೆಜ್ಜೆ 8: ಯಾರೂ ನೋಡದಾಗ ಅದು ಏನು?

ಈ ಪ್ರಶ್ನೆಯನ್ನು ಬರೆಯುವವರು ತುಂಬ ಕಡಿಮೆ ಕೇಳಿಕೊಳ್ಳುತ್ತಾರೆ ಅಂತ ನನಗೆ ಬೇಸರ. ಸೋಗು ಹಾಕುವುದು ಆ ಜೀವಿಯ ದಿನದಲ್ಲಿ ಸ್ವಲ್ಪ ಹೊತ್ತಿನ ಕೆಲಸ. ಉಳಿದ ಹೊತ್ತು ಅದು ಮಲಗುತ್ತದೆ, ನೀರು ಕುಡಿಯುತ್ತದೆ, ಮರಿ ನೆಕ್ಕುತ್ತದೆ. ಆಸ್ಟ್ರೇಲಿಯಾದ ಒಂದು ಬಗೆಯ ಕಟಲ್ ಮೀನಿನಲ್ಲಿ ಗಂಡು ಒಂದೇ ಸಮಯಕ್ಕೆ ಎರಡು ಮುಖ ತೋರಿಸುತ್ತದೆ: ಹೆಣ್ಣಿನ ಕಡೆಯ ಅರ್ಧ ಮೈಯಲ್ಲಿ ಗಂಡಿನ ಪಟ್ಟೆ, ಎದುರಾಳಿಯ ಕಡೆಯ ಅರ್ಧದಲ್ಲಿ ಹೆಣ್ಣಿನ ಚಿತ್ತಾರ. ಎದುರಾಳಿ ಇಲ್ಲದಿದ್ದರೆ ಈ ಆಟವೇ ಇಲ್ಲ. ಸೋಗು ಹುಟ್ಟುವುದು ನೋಡುವವರು ಇದ್ದಾಗ ಮಾತ್ರ.

ತೊದಲಿಗೆ ಸ್ವಂತ ದನಿ ಇದೆಯಾ? ಇರಬೇಕು, ಜೋಡಿಯಾಗಿ ಬದುಕುವ ಪ್ರಾಣಿಗಳು ಒಂದನ್ನೊಂದು ಕರೆಯಲೇಬೇಕು. ಅದು ಹೇಗಿರುತ್ತದೆ ಅಂತ ತುಂಬ ಯೋಚಿಸಿದೆ. ಕೊನೆಗೆ ಒಂದು ಸಣ್ಣ ಕ್ಲಿಕ್ ಸದ್ದು ಅಂತ ನಿರ್ಧರಿಸಿದೆ, ಒಣ ಕಡ್ಡಿ ಮುರಿದ ಹಾಗೆ. ಕಥೆಯಲ್ಲಿ ಎರಡೇ ಸಲ ಬರುತ್ತದೆ. ಮೊದಲ ಸಲ ಓದುಗರು ಅದನ್ನು ಕಡ್ಡಿ ಮುರಿದದ್ದು ಅಂತಲೇ ತಿಳಿಯುತ್ತಾರೆ.

ಹೆಜ್ಜೆ 9: ದೃಶ್ಯ ಬರೆಯಿರಿ

ಈಗ ಹಾಳೆಯನ್ನು ಬದಿಗಿಡಿ. ಹಾಳೆಯಲ್ಲಿರುವುದೆಲ್ಲ ನಿಮಗೆ ಗೊತ್ತಿದ್ದರೆ ಸಾಕು, ಓದುಗರಿಗೆ ವಿವರಿಸಬೇಡಿ. ಮೋಸಹೋಗುವವರ ಕಿವಿ, ಕಣ್ಣು, ಮೂಗಿನಿಂದ ಬರೆಯಿರಿ. ಜೀವಿಯ ತಲೆಯೊಳಗೆ ಹೋಗಬೇಡಿ. ಸೋಗು ಕೆಲಸ ಮಾಡುವ ಗಳಿಗೆಯಲ್ಲಿ ವಾಕ್ಯಗಳು ಸಹಜವಾಗಿ, ದಿನನಿತ್ಯದ ಹಾಗಿರಲಿ, ಭಯದ ಪದ ಒಂದೂ ಬೇಡ. ತಪ್ಪು ಕಂಡ ಮೇಲೆ ನಿಧಾನ ಮಾಡಿ. ನನ್ನ ದೃಶ್ಯ ಹೀಗಿದೆ:

ಒಲೆಯ ಕೆಂಡ ಬೂದಿಗೆ ಎಳೆದು ಕೈ ಒರೆಸಿಕೊಳ್ಳುವಾಗ ಹೊರಗಿನಿಂದ ಮಗುವಿನ ಅಳು ಕೇಳಿತು. ಯಾವಾಗ ಎದ್ದು ಹೋಯಿತು ಇದು? ಅವಳು ದೀಪ ತೆಗೆದುಕೊಂಡಳು, ಬಾಗಿಲು ತಳ್ಳಿದಳು, ಅಂಗಳ ದಾಟಿದಳು. ಹೊರಗೆ ಎಲ್ಲೋ ಒಣ ಕಡ್ಡಿ ಮುರಿಯಿತು. ಅಳು ಬಿದಿರಿನ ಮೆಳೆಯ ಕಡೆಯಿಂದ ಬರುತ್ತಿತ್ತು, ಬಿಕ್ಕಿ ಬಿಕ್ಕಿ, ನಿದ್ದೆಗಣ್ಣಿನಲ್ಲಿ ಅಳುವ ಹಾಗೆ. "ಬಂದೆ, ಬಂದೆ ಕಂದಾ," ಅಂದಳು. ಮೆಳೆ ಸುಮ್ಮನಾಯಿತು. ಆಮೇಲೆ ಅವಳ ಮಗುವಿನದೇ ದನಿ, ಸ್ವಲ್ಪ ಕಟ್ಟಿದ ಮೂಗಿನ ಸಮೇತ, ಕರೆಯಿತು: "ಅಣ್ಣಾ."

ಅವಳು ನಿಂತಳು. ದೀಪದ ಬೆಳಕು ಬಿದಿರಿನ ಮೇಲೆ ಅಲುಗಾಡುತ್ತಿತ್ತು.

"ಅಣ್ಣಾ. ಅಣ್ಣಾ. ದಾ."

ಅವಳು ಮೆಳೆಯನ್ನು ನೋಡಲಿಲ್ಲ. ತಿರುಗಿ, ತೆರೆದಿಟ್ಟು ಬಂದ ಬಾಗಿಲನ್ನು ನೋಡಿದಳು. ಮನೆಯೊಳಗೆ ಇನ್ನೊಂದು ಕಡ್ಡಿ ಮುರಿಯಿತು.

ಹೆಜ್ಜೆ 10: ಇನ್ನೊಬ್ಬರಿಗೆ ಓದಲು ಕೊಡಿ

ಏನೂ ವಿವರಿಸದೆ ಕೊಡಿ. ಓದಿದ ಮೇಲೆ ಮೂರೇ ಪ್ರಶ್ನೆ ಕೇಳಿ: ಎಲ್ಲಿ ಅನುಮಾನ ಬಂತು? ಎಲ್ಲಿ ಅರ್ಥ ಆಯಿತು? ಎಲ್ಲಿ ನಂಬಿಕೆ ಬರಲಿಲ್ಲ? ಅನುಮಾನಕ್ಕೂ ಅರ್ಥಕ್ಕೂ ನಡುವೆ ಸ್ವಲ್ಪವಾದರೂ ದೂರ ಇರಬೇಕು. ಎರಡೂ ಒಂದೇ ಸಾಲಿನಲ್ಲಿ ಆದರೆ ಆ ಸಾಲಿಗೆ ಮುಂಚೆ ಇನ್ನೊಂದು ಸುಳಿವು ಬೇಕು ಅಂತ ಲೆಕ್ಕ. ನಂಬಿಕೆ ಬರಲಿಲ್ಲ ಅಂದ ಜಾಗದಲ್ಲಿ ವಾದ ಮಾಡಬೇಡಿ, ಸುಮ್ಮನೆ ಗುರುತು ಹಾಕಿಕೊಳ್ಳಿ.

ನಾನು ಅದೇ ಗೆಳತಿಗೆ ಕೊಟ್ಟೆ. ಓದಿ ಅವಳು ತಕ್ಷಣ ಹಿಡಿದದ್ದು ಒಂದನ್ನು: "ಮಕ್ಕಳು ಪಕ್ಕದ ಮನೆ ಹುಡುಗನನ್ನೂ ಅಣ್ಣಾ ಅಂತ ಕರೀತಾವೆ. ಅಷ್ಟಕ್ಕೇ ಆ ತಾಯಿಗೆ ಅನುಮಾನ ಯಾಕೆ ಬರಬೇಕು?"

ಅವಳು ಹೇಳಿದ್ದು ಸರಿ. ಮಗುವಿನ ವಯಸ್ಸನ್ನು ನಾನು ಎಲ್ಲೂ ಸರಿಯಾಗಿ ಹೇಳಿರಲಿಲ್ಲ. ಮಾತು ಕಲಿಯುವ ಕೂಸುಗಳ ಬಾಯಲ್ಲಿ ತುಟಿಯ ಅಕ್ಷರಗಳು ಮೊದಮೊದಲೇ ಬರುತ್ತವೆ ಅಂತ ಓದಿದ್ದು ಆಗ ನೆನಪಾಯಿತು, ಅಮ್ಮ, ಅಪ್ಪ, ಪಾಪ, ಎಷ್ಟೋ ಭಾಷೆಗಳಲ್ಲಿ ಹಾಗೇ. ಅಂದರೆ ತೊದಲು ತನಗೆ ಬಾರದ ಅಕ್ಷರಗಳನ್ನಷ್ಟೇ ಆಡುವ ಮಗುವನ್ನು ಆರಿಸಿಕೊಂಡಿತ್ತು. ಮೊದಲ ಪುಟಕ್ಕೆ ಹೋಗಿ, ಕಿಟಕಿಯ ಕೆಳಗೆ ಒರಗಿದ ಹುಲ್ಲಿನ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಸೇರಿಸಿದೆ: "ಅದಕ್ಕೆ ಬರುತ್ತಿದ್ದದ್ದು ಮೂರೇ ಮಾತು. ಅಮ್ಮ, ಬಾ, ಮತ್ತೆ ಹಸುವಿಗೆ ಅಂಬಾ."